ಶಸ್ತ್ರಕ್ಕೆ ಮುನ್ನ ಶಬ್ದ: ಚರ್ಮದಡಿಯ ಸುರಂಗಗಳ ನಕ್ಷೆ

ಕಂಕುಳು, ತೊಡೆಸಂದು, ಸ್ತನಗಳ ಕೆಳಮಡಿಕೆ, ಪೃಷ್ಠ ಮತ್ತು ಗುದದ ಸುತ್ತಲಿನ ಚರ್ಮದಲ್ಲಿ ನೋವಿನ ಗಂಟುಗಳು ಎದ್ದು, ಕೀವು ತುಂಬಿ ಒಡೆದು, ಮಾಯಿತು ಎನ್ನುವಷ್ಟರಲ್ಲಿ ಅದೇ ಜಾಗದಲ್ಲೋ ಅದರ ಮಗ್ಗುಲಲ್ಲೋ ಮತ್ತೆ ಏಳುವ ದೀರ್ಘಕಾಲಿಕ ಉರಿಯೂತದ ಕಾಯಿಲೆಯೊಂದಕ್ಕೆ ವೈದ್ಯಶಾಸ್ತ್ರದಲ್ಲಿ ಹೈಡ್ರಾಡಿನೈಟಿಸ್ ಸಪ್ಯುರೇಟಿವಾ ಎಂದು ಹೆಸರು. ಜನರ ಮಾತಿನಲ್ಲಿ ಇದು ಬರಿಯ ಕಂಕುಳ ಕುರು; ಉಷ್ಣಕ್ಕೆ ಎದ್ದದ್ದು, ಬೆವರಿಗೆ ಆದದ್ದು, ಕೂದಲು ಬೋಳಿಸಿದ್ದರಿಂದ ಬಂದದ್ದು ಎಂಬ ವಿವರಣೆಗಳ ಅಡಿಯಲ್ಲಿ ಮುಚ್ಚಿಹೋಗುವ ಈ ಕಾಯಿಲೆ ಸಾಮಾನ್ಯವಾಗಿ ಪ್ರಾಯಕ್ಕೆ ಬಂದ ಮೇಲೆ, ಹೆಚ್ಚಾಗಿ ಇಪ್ಪತ್ತರ ಹರೆಯದಲ್ಲಿ ಕಾಣಿಸಿಕೊಳ್ಳುತ್ತದೆ. ಯುರೋಪಿನ ಜನಸಂಖ್ಯೆಯಲ್ಲಿ ಇದರ ಪ್ರಮಾಣ ಶೇ 1ರ ಆಸುಪಾಸಿನಲ್ಲಿದೆ ಎಂಬುದು ಅಲ್ಲಿನ ತಜ್ಞರು ಬಹುಕಾಲದಿಂದ ಹೇಳುತ್ತ ಬಂದಿರುವ ಅಂದಾಜು. ಮೊದಲ ಗಂಟು ಎದ್ದಾಗಿನಿಂದ ಕಾಯಿಲೆಯ ಸರಿಯಾದ ಹೆಸರು ರೋಗಿಯ ಕಿವಿಗೆ ಬೀಳುವವರೆಗೆ ಏಳರಿಂದ ಹತ್ತು ವರ್ಷಗಳೇ ಕಳೆಯುತ್ತವೆ ಎಂದು ಹಲವು ದೇಶಗಳ ಅಧ್ಯಯನಗಳು ತಿಳಿಸಿವೆ.

ಇಷ್ಟು ವರ್ಷ ಕಳೆದ ಮೇಲೆ ರೋಗಿ ಶಸ್ತ್ರವೈದ್ಯರ ಮುಂದೆ ಬಂದು ನಿಂತಾಗ ಎದುರಾಗುವ ಪ್ರಶ್ನೆ, ಎಲ್ಲಿಂದ ಎಲ್ಲಿಯವರೆಗೆ ಮತ್ತು ಎಷ್ಟು ಆಳಕ್ಕೆ ಕತ್ತರಿಸಬೇಕು ಎಂಬುದು. ಚರ್ಮ ದೇಹದ ಹೊರಹೊದಿಕೆಯಾಗಿರುವುದರಿಂದ ಅದರ ಕಾಯಿಲೆಗಳೆಲ್ಲ ಕಣ್ಣಿಗೆ ಬೀಳುತ್ತವೆ ಎಂಬ ನಂಬಿಕೆ ಈ ಕಾಯಿಲೆಯ ಮಟ್ಟಿಗೆ ಸುಳ್ಳಾಗುತ್ತದೆ. ಏಕೆಂದರೆ ಇಲ್ಲಿ ಕಣ್ಣಿಗೆ ಕಾಣುವ ರಂಧ್ರ, ಗಂಟು, ಕಲೆಗಳು ಒಳಗಿನ ವ್ಯಾಪಾರದ ಒಂದು ಭಾಗ ಮಾತ್ರ. ಉಳಿದದ್ದನ್ನು ಕತ್ತರಿಸುವ ಮೊದಲೇ ನೋಡಿ ಅಳೆಯಲು ಕಳೆದ ಒಂದೆರಡು ದಶಕಗಳಲ್ಲಿ ರೂಢಿಗೆ ಬಂದಿರುವ ಸಾಧನವೇ ಅಲ್ಟ್ರಾಸೌಂಡ್, ಅಂದರೆ ಮನುಷ್ಯನ ಕಿವಿಗೆ ಕೇಳಿಸದಷ್ಟು ತೀವ್ರ ಕಂಪನದ ಧ್ವನಿಯಿಂದ ಒಳಾಂಗಗಳ ಚಿತ್ರ ಮೂಡಿಸುವ ವಿಧಾನ.

ಹೆಸರಿನಲ್ಲೇ ಉಳಿದ ತಪ್ಪು

ಈ ಕಾಯಿಲೆಯನ್ನು 1839ರಲ್ಲಿ ಮೊದಲು ವರ್ಣಿಸಿದವರು ಫ್ರಾನ್ಸಿನ ಶಸ್ತ್ರವೈದ್ಯ ಆಲ್ಫ್ರೆಡ್ ವೆಲ್ಪೊ. ಅದೇ ದೇಶದ ಅರಿಸ್ಟೀಡ್ ವರ್ನೇ 1854ರಲ್ಲಿ ಇದನ್ನು ಬೆವರಿನ ಗ್ರಂಥಿಗಳ ಕಾಯಿಲೆ ಎಂದು ಗುರುತಿಸಿದರು. ಬೆವರಿನ ಗ್ರಂಥಿಗಳ ಕೀವಿನ ಉರಿಯೂತ ಎಂಬ ಅರ್ಥದ ಹೈಡ್ರಾಡಿನೈಟಿಸ್ ಸಪ್ಯುರೇಟಿವಾ ಎಂಬ ಹೆಸರು ಆ ತಿಳಿವಳಿಕೆಯಿಂದಲೇ ಹುಟ್ಟಿತು. ಹೆಸರು ಇಂದಿಗೂ ಉಳಿದಿದೆಯಾದರೂ ತಿಳಿವಳಿಕೆ ಬದಲಾಗಿದೆ. ಕಾಯಿಲೆಯ ಮೂಲ ಬೆವರಿನ ಗ್ರಂಥಿಯಲ್ಲಿಲ್ಲ, ಕೂದಲು ಹುಟ್ಟುವ ಚೀಲವಾದ ರೋಮಕೂಪದಲ್ಲಿದೆ ಎಂಬುದನ್ನು ಇಂದು ಎಲ್ಲರೂ ಒಪ್ಪುತ್ತಾರೆ.

ರೋಮಕೂಪದ ಬಾಯಿಯಲ್ಲಿ ಕೆರಟಿನ್, ಅಂದರೆ ಉಗುರು ಮತ್ತು ಕೂದಲುಗಳಿಗೆ ಗಡಸುತನ ಕೊಡುವ ಪ್ರೋಟೀನ್, ಶೇಖರವಾಗಿ ದಾರಿ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ಕೂಪ ಒಳಗೊಳಗೇ ಹಿಗ್ಗಿ, ಕೊನೆಗೆ ಸಿಡಿದು, ತನ್ನಲ್ಲಿದ್ದ ಕೆರಟಿನ್ ಮತ್ತು ಕೂದಲಿನ ತುಣುಕುಗಳನ್ನು ಸುತ್ತಲಿನ ಒಳಚರ್ಮದೊಳಕ್ಕೆ ಚೆಲ್ಲುತ್ತದೆ. ಚರ್ಮದ ಮೇಲ್ಮೈಯಲ್ಲಿ ನಿರಪಾಯಕಾರಿಯಾದ ಈ ವಸ್ತುಗಳನ್ನು ಒಳಚರ್ಮದಲ್ಲಿ ಕಂಡ ಕೂಡಲೇ ದೇಹದ ರೋಗನಿರೋಧಕ ವ್ಯವಸ್ಥೆ ಪರಕೀಯರೆಂದು ಬಗೆದು ಮುತ್ತಿಕೊಳ್ಳುವುದರಿಂದ ಕೆಂಪು, ಬಾವು, ನೋವು, ಕೀವು ಒಂದರ ಹಿಂದೊಂದು ಬರುತ್ತವೆ. ಧೂಮಪಾನ, ಬೊಜ್ಜು, ಮಡಿಕೆಗಳಲ್ಲಿ ಚರ್ಮ ಚರ್ಮಕ್ಕೆ ಉಜ್ಜುವುದು ಇದನ್ನು ಉಲ್ಬಣಗೊಳಿಸುತ್ತವೆ. ಕೆಲವು ಕುಟುಂಬಗಳಲ್ಲಿ ಇದು ವಂಶವಾಹಿಗಳ ಮೂಲಕವೂ ಬರುತ್ತದೆ. ಮೈ ಕೊಳಕಾಗಿರುವುದರಿಂದ ಇದು ಬರುವುದಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದೂ ಇಲ್ಲ.

ಉರಿಯೂತ ಮರುಕಳಿಸುತ್ತ ಹೋದಂತೆ ಸಿಡಿದ ರೋಮಕೂಪದ ಗೋಡೆಯ ಜೀವಕೋಶಗಳು ಒಳಮುಖವಾಗಿ ಎಳೆಎಳೆಯಾಗಿ ಬೆಳೆದು, ಒಂದು ಗಂಟಿನಿಂದ ಇನ್ನೊಂದಕ್ಕೆ ಹಾದಿ ತೆರೆದು, ಚರ್ಮದಡಿಯಲ್ಲಿ ಸುರಂಗಗಳನ್ನು ನಿರ್ಮಿಸುತ್ತವೆ. ಈ ಸುರಂಗದ ಒಳಗೋಡೆಗೆ ಚರ್ಮದಂಥದ್ದೇ ಅಸ್ತರಿ ಇರುತ್ತದೆ. ಗಾಯದ ಎರಡು ಹಸಿ ಅಂಚುಗಳು ಒಂದಕ್ಕೊಂದು ತಾಗಿದರೆ ಬೆಸೆದುಕೊಳ್ಳುತ್ತವೆ. ಅಸ್ತರಿ ಬೆಳೆದ ಗೋಡೆಗಳಾದರೋ ಎರಡು ಬೆರಳುಗಳ ಚರ್ಮದಂತೆ ಎಷ್ಟು ಕಾಲ ತಾಗಿಕೊಂಡಿದ್ದರೂ ಬೆಸೆಯುವುದಿಲ್ಲ. ಹೀಗಾಗಿ ಕೀವು ಬಸಿದುಹೋದರೂ ಸುರಂಗ ಮುಚ್ಚುವುದಿಲ್ಲ, ಆಂಟಿಬಯೋಟಿಕ್ ಕೊಟ್ಟರೆ ಉರಿ ತಗ್ಗಿದರೂ ಸುರಂಗ ಕರಗುವುದಿಲ್ಲ. ಗಂಟಿಗೆ ಚಾಕು ತಾಗಿಸಿ ಕೀವು ತೆಗೆಯುವ ಸಾಮಾನ್ಯ ಚಿಕಿತ್ಸೆ ಆ ಹೊತ್ತಿನ ನೋವನ್ನು ಇಳಿಸುತ್ತದೆಯೇ ಹೊರತು ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಹಾಗೆ ಬಸಿದ ಗಂಟುಗಳಲ್ಲಿ ಬಹುಪಾಲು ಮರಳಿ ಏಳುತ್ತವೆ.

ಕಣ್ಣು ಮತ್ತು ಬೆರಳಿನ ಮಿತಿ

ಕಾಯಿಲೆಯ ತೀವ್ರತೆಯನ್ನು ಅಳೆಯಲು ವೈದ್ಯರು ಇಂದಿಗೂ ಹೆಚ್ಚಾಗಿ ಬಳಸುವುದು 1989ರಲ್ಲಿ ರೂಪುಗೊಂಡ ಹರ್ಲಿ ಹಂತಗಳನ್ನು. ಸುರಂಗವಾಗಲಿ ಕಲೆಯಾಗಲಿ ಇಲ್ಲದೆ ಗಂಟುಗಳು ಮಾತ್ರ ಇದ್ದರೆ ಮೊದಲ ಹಂತ. ದೂರದೂರದಲ್ಲಿ ಮರುಕಳಿಸುವ ಗಂಟುಗಳ ಜೊತೆಗೆ ಸುರಂಗ ಮತ್ತು ಕಲೆ ಮೂಡಿದ್ದರೆ ಎರಡನೆಯದು. ಇಡೀ ಪ್ರದೇಶವನ್ನು ಒಂದಕ್ಕೊಂದು ಹೆಣೆದುಕೊಂಡ ಸುರಂಗಗಳು ಆವರಿಸಿದ್ದರೆ ಮೂರನೆಯದು. ಹೇಳಲು ಸುಲಭ, ನೆನಪಿಡಲು ಸುಲಭ ಎಂಬ ಕಾರಣಕ್ಕೆ ಜನಪ್ರಿಯವಾದ ಈ ವಿಂಗಡಣೆ ಸಂಪೂರ್ಣವಾಗಿ ವೈದ್ಯರ ಕಣ್ಣು ಮತ್ತು ಬೆರಳನ್ನು ಅವಲಂಬಿಸಿದೆ. ಊದಿ ಕೆಂಪಾದ ಚರ್ಮದ ಮೇಲೆ ಬೆರಳೊತ್ತಿದಾಗ ತಾಗುವ ಗಡಸುತನ ಕೀವಿನದೋ ಹಳೆಯ ಕಲೆಯದೋ ಬಾವಿನದೋ ಎಂದು ಹೇಳುವುದು ಅನುಭವಿಗಳಿಗೂ ಕಷ್ಟ; ಮೇಲೆ ಬಾಯಿ ತೆರೆಯದ ಸುರಂಗವಂತೂ ಕಣ್ಣಿಗೆ ಸಿಗುವುದೇ ಇಲ್ಲ.

ನೋವಿನಿಂದ ಊದಿದ ಜಾಗದ ಒಳಗೆ ಏನು ನಡೆದಿದೆ ಎಂದು ತಿಳಿದೇ ಶಸ್ತ್ರ ಹಿಡಿಯಬೇಕು ಎಂಬ ವಿವೇಕ ಹೊಸದಲ್ಲ. ಬಾವು ಇನ್ನೂ ಹಸಿಯೋ, ಪಕ್ವವಾಗುತ್ತಿದೆಯೋ, ಪಕ್ವವಾಗಿದೆಯೋ ಎಂಬುದನ್ನು ಗುರುತಿಸುವ ಬಗೆಗೆ ಸುಶ್ರುತಸಂಹಿತೆಯ ಸೂತ್ರಸ್ಥಾನ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಕೊಳವೆಯಂತೆ ಒಳಹರಿಯುವ ಹುಣ್ಣನ್ನು ನಾಡೀವ್ರಣ ಎಂದು ಕರೆದು, ಅದರ ದಾರಿಯನ್ನು ಹುಡುಕಲು ಎರೆಹುಳುವಿನ ಮುಖದ ಆಕಾರದ ಏಷಣಿ ಎಂಬ ಸಲಾಕೆಯನ್ನೂ ಅದು ಹೇಳಿದೆ. ಇಂದಿನ ಶಸ್ತ್ರವೈದ್ಯರು ಸುರಂಗದ ಜಾಡು ಹಿಡಿಯಲು ಬಳಸುವ ಮೊಂಡು ತುದಿಯ ಲೋಹದ ಕಡ್ಡಿ ಆ ಏಷಣಿಯ ವಂಶದ್ದೇ. ಅದಕ್ಕೂ ಪ್ರೋಬ್ ಎಂದೇ ಹೆಸರು, ಸ್ಕ್ಯಾನಿಂಗ್ ಯಂತ್ರದಲ್ಲಿ ಚರ್ಮಕ್ಕೆ ತಾಗಿಸುವ ಹಿಡಿಕೆಗೂ ಪ್ರೋಬ್ ಎಂದೇ ಹೆಸರು. ವ್ಯತ್ಯಾಸವೆಂದರೆ, ಲೋಹದ ಕಡ್ಡಿಗೆ ಒಳಹೋಗಲು ತೆರೆದ ಬಾಯಿ ಬೇಕು ಮತ್ತು ಅದು ಅಡ್ಡಕವಲುಗಳನ್ನು ತಪ್ಪಿಸಿ ನೇರ ದಾರಿಯನ್ನಷ್ಟೇ ಹಿಡಿಯುತ್ತದೆ. ಧ್ವನಿಗೆ ಬಾಯಿ ತೆರೆದಿರಬೇಕಾದ ಅಗತ್ಯವಿಲ್ಲ.

ಮಾರ್ದನಿಯಿಂದ ಮೂಡುವ ಚಿತ್ರ

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20 ಸಾವಿರ ಕಂಪನಗಳವರೆಗಿನ ಧ್ವನಿಯನ್ನು ಕೇಳಬಲ್ಲದು. ಚರ್ಮದ ಪರೀಕ್ಷೆಗೆ ಬಳಸುವ ಪ್ರೋಬ್ ಸೆಕೆಂಡಿಗೆ 1.5 ಕೋಟಿ ಕಂಪನಗಳ, ಅಂದರೆ 15 ಮೆಗಾಹರ್ಟ್ಸ್‌ನ, ಅಥವಾ ಅದಕ್ಕೂ ಹೆಚ್ಚಿನ ಧ್ವನಿಯನ್ನು ಹೊರಡಿಸುತ್ತದೆ. ಮೃದು ಅಂಗಾಂಶಗಳಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಸಾಗುವ ಈ ಅಲೆಗಳು ಒಂದು ಪದರದಿಂದ ಇನ್ನೊಂದಕ್ಕೆ ದಾಟುವ ಗಡಿಗಳಲ್ಲಿ ಭಾಗಶಃ ಹಿಂತಿರುಗುತ್ತವೆ. ಹಿಂತಿರುಗಲು ತೆಗೆದುಕೊಂಡ ಕಾಲದಿಂದ ಆಳವನ್ನೂ, ಮಾರ್ದನಿಯ ಬಲದಿಂದ ಹೊಳಪನ್ನೂ ಲೆಕ್ಕ ಹಾಕಿ ಯಂತ್ರ ಬೂದುಬಣ್ಣದ ಚಿತ್ರವನ್ನು ಪರದೆಯ ಮೇಲೆ ಮೂಡಿಸುತ್ತದೆ. ಧ್ವನಿಯಿಂದ ಚರ್ಮದ ದಪ್ಪವನ್ನು ಅಳೆದ ಪ್ರಯೋಗ 1979ರಷ್ಟು ಹಳೆಯದಾದರೂ, ಚಿಕಿತ್ಸೆಯಲ್ಲಿ ಅದಕ್ಕೆ ಸ್ಥಾನ ದೊರೆತದ್ದು ಹೆಚ್ಚು ಕಂಪನದ ಪ್ರೋಬ್‌ಗಳು ಬಂದ ಮೇಲೆಯೇ.

ಇಲ್ಲೊಂದು ಕೊಡು-ಕೊಳ್ಳುವ ನಿಯಮವಿದೆ. ಕಂಪನ ಹೆಚ್ಚಿದಂತೆ ಅಲೆಯ ಉದ್ದ ಕಿರಿದಾಗಿ ಸೂಕ್ಷ್ಮ ವಿವರಗಳು ಸಿಗುತ್ತವೆ, ಆದರೆ ಅಂಥ ಅಲೆ ಬೇಗ ಕ್ಷೀಣಿಸುವುದರಿಂದ ಆಳಕ್ಕೆ ಇಳಿಯುವುದಿಲ್ಲ. ಹೊಟ್ಟೆಯ ಸ್ಕ್ಯಾನಿಂಗ್‌ಗೆ ಬಳಸುವ 3ರಿಂದ 5 ಮೆಗಾಹರ್ಟ್ಸ್‌ನ ಪ್ರೋಬ್ ಆಳವನ್ನು ಮುಟ್ಟುತ್ತದೆ, ಚರ್ಮದ ಪದರಗಳನ್ನು ಬಿಡಿಸಿ ತೋರಿಸಲಾರದು. 15 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 0.1 ಮಿಲಿಮೀಟರ್, ಕೆಲವು ಸೆಂಟಿಮೀಟರ್ ಆಳದವರೆಗೆ ಸಾಗುವ ಈ ಅಲೆ ಚರ್ಮವನ್ನೂ ಅದರಡಿಯ ಕೊಬ್ಬನ್ನೂ ಒಟ್ಟಿಗೆ ತೋರಿಸುವುದರಿಂದ ಈ ಕಾಯಿಲೆಗೆ ಹೇಳಿ ಮಾಡಿಸಿದಂತಿದೆ. ಇಟಲಿಯ ಪೀಸಾದಂಥ ಕೆಲವು ಕೇಂದ್ರಗಳ ಚರ್ಮವೈದ್ಯರು ಬಳಸಿರುವ 70 ಮೆಗಾಹರ್ಟ್ಸ್‌ನ ಪ್ರೋಬ್ ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು ಸಣ್ಣ ವಿವರವನ್ನೂ ಬಿಡಿಸಬಲ್ಲದಾದರೂ ಅದರ ದೃಷ್ಟಿ ಮೊದಲ ಕೆಲವು ಮಿಲಿಮೀಟರ್‌ಗಳಿಗೇ ಸೀಮಿತ.

ಆರೋಗ್ಯವಂತ ಚರ್ಮದ ಚಿತ್ರದಲ್ಲಿ ಹೊರಚರ್ಮ ಒಂದು ಬಿಳಿ ಗೆರೆಯಾಗಿ, ಕೊಲಾಜೆನ್ ನಾರುಗಳಿಂದ ತುಂಬಿದ ಒಳಚರ್ಮ ಬೆಳ್ಳನೆಯ ಪಟ್ಟಿಯಾಗಿ, ಕೊಬ್ಬಿನ ಪದರ ನಡುನಡುವೆ ಬಿಳಿ ಎಳೆಗಳಿರುವ ಕಪ್ಪು ನೆಲವಾಗಿ ಕಾಣುತ್ತದೆ. ಕಾಯಿಲೆ ಹೊಕ್ಕ ಚರ್ಮದಲ್ಲಿ ಈ ಶಿಸ್ತು ಕದಡಿರುತ್ತದೆ. ಚಿಲಿ ದೇಶದ ರೇಡಿಯಾಲಜಿ ತಜ್ಞೆ ಕ್ಸಿಮೆನಾ ವರ್ಟ್ಸ್‌ಮನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕದಡುವಿಕೆಯನ್ನು ಐದು ಗುರುತುಗಳಲ್ಲಿ ಕ್ರಮಗೊಳಿಸಿತು: ಹಿಗ್ಗಿದ ರೋಮಕೂಪಗಳು, ದಪ್ಪವಾಗಿ ಹೊಳಪು ಕೆಟ್ಟ ಒಳಚರ್ಮ, ಒಳಚರ್ಮದಲ್ಲಿ ಗೋಡೆಯಿಲ್ಲದ ಚೀಲಗಳಂತೆ ತೋರುವ ಸಣ್ಣ ಕಪ್ಪು ಗುಂಡುಗಳು, ಒಳಚರ್ಮದಿಂದ ಕೊಬ್ಬಿನವರೆಗೆ ಹರಡಿ ನಿಂತ ದ್ರವದ ಮಡುಗಳು, ಮತ್ತು ಪಟ್ಟಿಯಂತೆ ಚಾಚಿದ ಸುರಂಗಗಳು. ಇವುಗಳಲ್ಲಿ ಮೂರಾದರೂ ಕಂಡುಬಂದರೆ ಕಾಯಿಲೆ ಇದೇ ಎಂದು ಹೇಳಬಹುದು. ಮಡು ಮತ್ತು ಸುರಂಗಗಳ ಒಳಗೆ ಕೂದಲಿನ ತುಣುಕುಗಳು ಬೆಳ್ಳನೆಯ ಎಳೆಗಳಾಗಿ ತೇಲುತ್ತಿರುವುದು ಅನೇಕ ವೇಳೆ ಕಾಣುತ್ತದೆ. ಉರಿಯೂತಕ್ಕೆ ಇಂಧನ ಎಲ್ಲಿಂದ ಬರುತ್ತಿದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ.

ಇದೇ ತಂಡ ಚಿತ್ರದ ಆಧಾರದ ಮೇಲೆ ಮೂರು ಹಂತಗಳ ಅಳತೆಗೋಲನ್ನೂ ರೂಪಿಸಿತು. ಸುರಂಗವಿಲ್ಲದೆ ಒಂದೇ ಮಡುವಿದ್ದು, ಬದಲಾವಣೆಗಳು ದೇಹದ ಒಂದೇ ಭಾಗಕ್ಕೆ ಸೀಮಿತವಾಗಿದ್ದರೆ ಮೊದಲ ಹಂತ. ಎರಡರಿಂದ ನಾಲ್ಕು ಮಡುಗಳು ಅಥವಾ ಒಂದು ಸುರಂಗವಿದ್ದು, ಎರಡು ಭಾಗಗಳವರೆಗೆ ಹರಡಿದ್ದರೆ ಎರಡನೆಯದು. ಐದು ಅಥವಾ ಹೆಚ್ಚು ಮಡುಗಳು, ಎರಡು ಅಥವಾ ಹೆಚ್ಚು ಸುರಂಗಗಳು, ಇಲ್ಲವೆ ಮೂರಕ್ಕೆ ಕಡಿಮೆಯಿಲ್ಲದಷ್ಟು ಭಾಗಗಳಿಗೆ ಹರಡಿದ್ದರೆ ಮೂರನೆಯದು. ಅಧ್ಯಯನಕ್ಕೆ ಒಳಗಾದ 34 ರೋಗಿಗಳಲ್ಲಿ ಶೇ 80ಕ್ಕೂ ಹೆಚ್ಚು ಮಂದಿಯ ಚಿಕಿತ್ಸಾ ಕ್ರಮವನ್ನು ಚಿತ್ರ ನೋಡಿದ ಮೇಲೆ ಬದಲಿಸಬೇಕಾಯಿತು. ಸಂಖ್ಯೆ ಸಣ್ಣದಾದರೂ, ಕಣ್ಣು ಮತ್ತು ಬೆರಳು ಕಾಯಿಲೆಯನ್ನು ಅದರ ನಿಜ ಅಳತೆಗಿಂತ ಕಿರಿದಾಗಿಯೇ ಕಾಣುತ್ತವೆ ಎಂಬ ಅದರ ತೀರ್ಮಾನವನ್ನು ಬೇರೆ ದೇಶಗಳ ನಂತರದ ಅಧ್ಯಯನಗಳೂ ಎತ್ತಿಹಿಡಿದಿವೆ.

ನಕ್ಷೆಯಿಂದ ಮೇಜಿಗೆ

ಶಸ್ತ್ರಚಿಕಿತ್ಸೆಗೆ ಮುನ್ನ ಮಾಡುವ ಸ್ಕ್ಯಾನಿಂಗ್ ಕಾಯಿಲೆಯನ್ನು ಹೆಸರಿಸುವ ಸ್ಕ್ಯಾನಿಂಗ್‌ಗಿಂತ ಭಿನ್ನ; ಅದರ ಉದ್ದೇಶ ನಕ್ಷೆ ತಯಾರಿಸುವುದು. ಚರ್ಮದ ಮೇಲೆ ಜೆಲ್ ಅನ್ನು ದಪ್ಪವಾಗಿ ಹಚ್ಚಿ, ಪ್ರೋಬನ್ನು ಒತ್ತದೆ ತೇಲಿಸಿದಂತೆ ಹಿಡಿಯಬೇಕು, ಏಕೆಂದರೆ ಒತ್ತಿದರೆ ರೋಗಿಗೆ ನೋವಾಗುವುದಲ್ಲದೆ ಸಣ್ಣ ರಕ್ತನಾಳಗಳೂ ತೆಳುವಾದ ಮಡುಗಳೂ ಚಪ್ಪಟೆಯಾಗಿ ಚಿತ್ರದಿಂದ ಮರೆಯಾಗುತ್ತವೆ. ಅಡ್ಡಡ್ಡಲಾಗಿ ಮತ್ತು ಉದ್ದುದ್ದವಾಗಿ ಎರಡು ದಿಕ್ಕುಗಳಲ್ಲೂ ಇಡೀ ಪ್ರದೇಶವನ್ನು, ಆರೋಗ್ಯವಂತ ಚರ್ಮ ಸಿಗುವವರೆಗೆ, ನೋಡಬೇಕು. ಕಂಕುಳ ಚರ್ಮ ಸಡಿಲವಾದ್ದರಿಂದ ತೋಳು ಇಳಿಸಿದಾಗ ಹಾಕಿದ ಗುರುತು ತೋಳು ಎತ್ತಿದಾಗ ಜರುಗಿಹೋಗುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ರೋಗಿ ಯಾವ ಭಂಗಿಯಲ್ಲಿ ಇರುವನೋ ಅದೇ ಭಂಗಿಯಲ್ಲಿ ಸ್ಕ್ಯಾನಿಂಗ್ ಮಾಡಿ, ಸುರಂಗಗಳ ಹಾದಿ, ಕವಲು ಮತ್ತು ಕೊನೆಗಳನ್ನು ಶಾಯಿಯಿಂದ ಚರ್ಮದ ಮೇಲೆಯೇ ಬರೆಯುವುದು ವಾಡಿಕೆ. ಕಾಯಿಲೆ ವಾರದಿಂದ ವಾರಕ್ಕೆ ಬದಲಾಗುವುದರಿಂದ ಹಳೆಯ ನಕ್ಷೆಯನ್ನು ನಂಬಿ ಕತ್ತರಿಸುವುದು ಸರಿಯಲ್ಲ. ಶಸ್ತ್ರಚಿಕಿತ್ಸೆಗೆ ಆದಷ್ಟು ಹತ್ತಿರದ ದಿನ ಸ್ಕ್ಯಾನಿಂಗ್ ನಡೆಯಬೇಕು.

ಇದರ ಜೊತೆಗೆ ಡಾಪ್ಲರ್ ವಿಧಾನವನ್ನೂ ಸೇರಿಸುತ್ತಾರೆ. ಹರಿಯುವ ರಕ್ತಕಣಗಳಿಗೆ ಬಡಿದು ಹಿಂತಿರುಗುವ ಧ್ವನಿಯ ಕಂಪನ ಬದಲಾಗುತ್ತದೆ ಎಂಬ ತತ್ತ್ವದ ಮೇಲೆ ನಿಂತ ಈ ವಿಧಾನ ರಕ್ತದ ಹರಿವನ್ನು ಬಣ್ಣಗಳಲ್ಲಿ ತೋರಿಸುತ್ತದೆ. ಸುರಂಗದ ಸುತ್ತ ಬಣ್ಣ ದಟ್ಟವಾಗಿದ್ದರೆ ಉರಿಯೂತ ಚುರುಕಾಗಿದೆ ಎಂದೂ, ಬಣ್ಣವಿಲ್ಲದೆ ಗೋಡೆ ನಾರುಗಟ್ಟಿದ್ದರೆ ಅದು ತಣ್ಣಗಾದ ಹಳೆಯ ರಚನೆ ಎಂದೂ ಓದಬಹುದು. ಕಂಕುಳ ಆಳದಲ್ಲಿ ತೋಳಿಗೆ ಹೋಗುವ ದೊಡ್ಡ ರಕ್ತನಾಳಗಳೂ ನರಗಳ ಜಾಲವೂ, ತೊಡೆಸಂದಿನಲ್ಲಿ ಕಾಲಿಗೆ ಹೋಗುವ ರಕ್ತನಾಳಗಳೂ ಇರುವುದರಿಂದ ಅವು ಸುರಂಗದ ತಳದಿಂದ ಎಷ್ಟು ದೂರದಲ್ಲಿವೆ ಎಂಬ ಅಳತೆಯೂ ಇದರಿಂದ ಸಿಗುತ್ತದೆ.

ಈ ನಕ್ಷೆಯಿಂದ ನಿರ್ಧಾರವಾಗುವ ಸಂಗತಿಗಳು ಮೂರು. ಕತ್ತರಿಸಬೇಕೇ ಎಂಬುದು ಮೊದಲನೆಯದು: ಸುರಂಗವಿಲ್ಲದೆ ಬಾವು ಮತ್ತು ಸಣ್ಣ ಮಡುಗಳಷ್ಟೇ ಇದ್ದರೆ ಔಷಧಕ್ಕೆ ಅವಕಾಶವಿದೆ, ಅಸ್ತರಿ ಬೆಳೆದ ಸುರಂಗವಿದ್ದರೆ ಔಷಧವೊಂದನ್ನೇ ನೆಚ್ಚಿ ಕೂರುವಂತಿಲ್ಲ. ಯಾವಾಗ ಎಂಬುದು ಎರಡನೆಯದು: ಉರಿಯೂತ ಭುಗಿಲೆದ್ದಿರುವಾಗ ಆರೋಗ್ಯವಂತ ಅಂಗಾಂಶಕ್ಕೂ ರೋಗಗ್ರಸ್ತ ಅಂಗಾಂಶಕ್ಕೂ ನಡುವಿನ ಗಡಿ ಮಸುಕಾಗುವುದರಿಂದ ಮೊದಲು ಔಷಧದಿಂದ ಅದನ್ನು ತಗ್ಗಿಸಿ, ಉಳಿದ ಸುರಂಗಗಳನ್ನು ನಂತರ ತೆಗೆಯುವುದು ಲೇಸು. ಉರಿಯೂತ ಹಬ್ಬಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಅಡಾಲಿಮುಮ್ಯಾಬ್ ಚುಚ್ಚುಮದ್ದಿಗೆ 2015ರಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಈ ಕಾಯಿಲೆಗಾಗಿ ಮಂಜೂರಾತಿ ದೊರೆತ ಮೇಲೆ ಇಂಥ ಜಂಟಿ ಚಿಕಿತ್ಸೆ ಸಾಧ್ಯವಾಗಿದೆ. ಶಸ್ತ್ರಚಿಕಿತ್ಸೆಗಾಗಿ ಆ ಔಷಧವನ್ನು ನಿಲ್ಲಿಸಬೇಕಾಗಿಲ್ಲ ಎಂಬುದನ್ನು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಎಷ್ಟು ಕತ್ತರಿಸಬೇಕು ಎಂಬುದು ಮೂರನೆಯ ಮತ್ತು ಹೆಚ್ಚು ತೂಕದ ನಿರ್ಧಾರ. ಸುರಂಗದ ಮೇಲ್ಛಾವಣಿಯನ್ನಷ್ಟೇ ತೆಗೆದು ತಳವನ್ನು ಉಳಿಸಿ, ಅಲ್ಲಿಂದಲೇ ಹೊಸ ಚರ್ಮ ಬೆಳೆಯಲು ಬಿಡುವುದು ಒಂದು ಕ್ರಮ. ರೋಗಗ್ರಸ್ತ ಭಾಗವನ್ನು ಮಾತ್ರ ಕತ್ತರಿಸುವುದು ಇನ್ನೊಂದು. ಸುತ್ತಲಿನ ಆರೋಗ್ಯವಂತ ಚರ್ಮದ ಅಂಚನ್ನೂ ಸೇರಿಸಿ ಕೊಬ್ಬಿನ ಆಳದವರೆಗೆ ವಿಶಾಲವಾಗಿ ತೆಗೆದು, ಗಾಯವನ್ನು ತಾನಾಗಿ ತುಂಬಲು ಬಿಡುವುದು ಅಥವಾ ಬೇರೆಡೆಯ ಚರ್ಮದಿಂದ ಮುಚ್ಚುವುದು ಮತ್ತೊಂದು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ ಕಾಯಿಲೆ ಮರಳುವ ಪ್ರಮಾಣ ಮೊದಲ ಕ್ರಮದಲ್ಲಿ ಶೇ 27, ಎರಡನೆಯದರಲ್ಲಿ ಶೇ 22, ಮೂರನೆಯದರಲ್ಲಿ ಶೇ 13. ಹಾಗೆಂದು ಎಲ್ಲರಿಗೂ ವಿಶಾಲವಾಗಿ ಕತ್ತರಿಸಿದರೆ ವಾರಗಟ್ಟಲೆ ಮಾಯದ ಗಾಯ, ಬಿಗಿಯುವ ಕಲೆ, ಎತ್ತಲಾಗದ ತೋಳು ರೋಗಿಯ ಪಾಲಿಗೆ ಉಳಿಯುತ್ತವೆ. ಕಡಿಮೆ ಕತ್ತರಿಸಿದರೆ ಕವಲೊಂದು ಉಳಿದು ಕಾಯಿಲೆ ಮರಳುತ್ತದೆ, ಹೆಚ್ಚು ಕತ್ತರಿಸಿದರೆ ಅಂಗ ಸೊರಗುತ್ತದೆ. ಈ ಎರಡು ನಷ್ಟಗಳ ನಡುವಿನ ಗೆರೆಯನ್ನು ಊಹೆಯಿಂದ ಎಳೆಯದೆ ಅಳತೆಯಿಂದ ಎಳೆಯಲು ಅನುವಾಗುವುದೇ ಮುಂಗಡ ಸ್ಕ್ಯಾನಿಂಗ್‌ನ ನಿಜವಾದ ಉಪಯೋಗ.

ಧ್ವನಿಗೆ ಸಿಗದ್ದು

ಅಲ್ಟ್ರಾಸೌಂಡ್‌ಗೆ ವಿಕಿರಣದ ಭಯವಿಲ್ಲ, ಬೇಕೆಂದಾಗ ಮತ್ತೆ ಮಾಡಬಹುದು, ಎಂಆರ್‌ಐಗಿಂತ ಖರ್ಚು ಕಡಿಮೆ. ಆದರೆ ಚಿತ್ರದ ಗುಣಮಟ್ಟ ಪ್ರೋಬ್ ಹಿಡಿದ ಕೈಯನ್ನೂ ಚಿತ್ರವನ್ನು ಓದುವ ಕಣ್ಣನ್ನೂ ಅವಲಂಬಿಸಿದೆ. ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗಕ್ಕಿಂತ ಸಣ್ಣ ರಚನೆಗಳು ಸಾಮಾನ್ಯ ಪ್ರೋಬ್‌ಗೆ ಸಿಗುವುದಿಲ್ಲ. ಗುದ ಮತ್ತು ಜನನಾಂಗಗಳ ಸುತ್ತ ಸುರಂಗಗಳು ಆಳಕ್ಕೆ ಇಳಿದು ಗುದದ ಸ್ನಾಯುಗಳತ್ತ ಸಾಗಿರಬಹುದೆಂಬ ಅನುಮಾನವಿದ್ದಲ್ಲಿ ಎಂಆರ್‌ಐ ಹೆಚ್ಚು ಭರವಸೆಯದು. ಬಹುಕಾಲ ಮಾಯದ ಹುಣ್ಣಿನಲ್ಲಿ, ವಿಶೇಷವಾಗಿ ಪೃಷ್ಠಭಾಗದಲ್ಲಿ, ಅಪರೂಪಕ್ಕೆ ಕ್ಯಾನ್ಸರ್ ಹುಟ್ಟುವುದುಂಟು. ಅದನ್ನು ಖಚಿತಪಡಿಸಲು ತುಣುಕು ತೆಗೆದು ಮಾಡುವ ಬಯಾಪ್ಸಿ ಪರೀಕ್ಷೆಯೇ ಬೇಕು.

ಕ್ಷಯರೋಗ ಇಂದಿಗೂ ಸಾಮಾನ್ಯವಾಗಿರುವ ಭಾರತದಲ್ಲಿ ಈ ಸ್ಕ್ಯಾನಿಂಗ್‌ಗೆ ಇನ್ನೊಂದು ಕೆಲಸವೂ ಇದೆ. ಕಂಕುಳು ಮತ್ತು ತೊಡೆಸಂದಿನ ದುಗ್ಧಗ್ರಂಥಿಗಳಿಗೆ ತಗುಲಿದ ಕ್ಷಯ ಚರ್ಮದವರೆಗೆ ಹಬ್ಬಿ ಕೀವಿನ ಬಾಯಿ ತೆರೆದಾಗ ಹೊರನೋಟಕ್ಕೆ ಅದು ಇದೇ ಕಾಯಿಲೆಯಂತೆ ಕಾಣಬಹುದು. ಮೂಲ ಇರುವುದು ಆಳದ ಗ್ರಂಥಿಯಲ್ಲೋ ಮೇಲಿನ ಒಳಚರ್ಮದಲ್ಲೋ ಎಂಬ ಸುಳಿವನ್ನು ಚಿತ್ರ ನೀಡುತ್ತದೆ, ಅಂತಿಮ ತೀರ್ಮಾನವನ್ನು ಪ್ರಯೋಗಾಲಯದ ಪರೀಕ್ಷೆ ನೀಡುತ್ತದೆ.

ಹೊರದೇಶಗಳ ಚರ್ಮವೈದ್ಯರು ತಮ್ಮ ಪರೀಕ್ಷಾ ಕೊಠಡಿಯಲ್ಲೇ ಸಣ್ಣ ಯಂತ್ರ ಇಟ್ಟುಕೊಂಡು ಈ ನಕ್ಷೆ ತಯಾರಿಸುವುದು ಹೆಚ್ಚುತ್ತಿದೆ. ಭಾರತದಲ್ಲಿ ಅದು ಅಷ್ಟು ಸರಳವಲ್ಲ. ಹೆಣ್ಣುಭ್ರೂಣಗಳ ಹತ್ಯೆಯನ್ನು ತಡೆಯಲೆಂದು 1994ರಲ್ಲಿ ರೂಪಿಸಿ 2003ರಲ್ಲಿ ಬಲಪಡಿಸಿದ ಪಿಸಿಪಿಎನ್‌ಡಿಟಿ ಕಾಯ್ದೆಯಡಿ, ಭ್ರೂಣದ ಲಿಂಗವನ್ನು ಪತ್ತೆ ಮಾಡಬಲ್ಲ ಯಂತ್ರ ನೋಂದಾಯಿತ ಕೇಂದ್ರದಲ್ಲಿ, ಅರ್ಹ ವೈದ್ಯರ ಕೈಯಲ್ಲಿ ಮಾತ್ರ ಇರಬೇಕು. ಸಮಾಜಕ್ಕೆ ಅಗತ್ಯವಾದ ಈ ಕಟ್ಟುಪಾಡಿನ ಕಾರಣ ಇಲ್ಲಿ ಚರ್ಮದ ನಕ್ಷೆ ಬಹುಪಾಲು ರೇಡಿಯಾಲಜಿ ವಿಭಾಗದಲ್ಲೇ ತಯಾರಾಗಬೇಕಾಗುತ್ತದೆ. ಅದಕ್ಕೆ ವಿಶೇಷ ಯಂತ್ರವೇ ಬೇಕೆಂದಿಲ್ಲ; ಥೈರಾಯ್ಡ್ ಮತ್ತು ಸ್ತನಗಳ ಪರೀಕ್ಷೆಗೆ ಬಳಸುವ ಹೆಚ್ಚು ಕಂಪನದ ಪ್ರೋಬ್ ಇರುವಲ್ಲಿ ಕೆಲಸ ಆರಂಭಿಸಬಹುದು. ಬೇಕಿರುವುದು ಏನನ್ನು ಹುಡುಕಬೇಕೆಂದು ಬರೆದು ಕಳುಹಿಸುವ ಚರ್ಮವೈದ್ಯರು, ಐದು ಗುರುತುಗಳನ್ನು ಬಲ್ಲ ರೇಡಿಯಾಲಜಿ ತಜ್ಞರು ಮತ್ತು ಗುರುತು ಹಾಕುವ ಹೊತ್ತಿಗೆ ಪಕ್ಕದಲ್ಲಿ ಇರುವ ಶಸ್ತ್ರವೈದ್ಯರು; ಬರಿಯ ವರದಿಯ ಕಾಗದ ನಕ್ಷೆಯ ಕೆಲಸ ಮಾಡಲಾರದು.

ಇವೆಲ್ಲಕ್ಕೂ ಮೊದಲು ರೋಗಿ ವೈದ್ಯರ ಬಳಿಗೆ ಬರಬೇಕು. ಕಾಯಿಲೆ ಏಳುವ ಜಾಗಗಳು ಹೇಳಿಕೊಳ್ಳಲು ನಾಚಿಕೆಪಡುವಂಥವು ಎಂಬುದರಿಂದಲೇ ಅನೇಕರು ವರ್ಷಗಟ್ಟಲೆ ಬಟ್ಟೆಯ ಮರೆಯಲ್ಲಿ ಅದನ್ನು ಸಹಿಸಿಕೊಂಡಿರುತ್ತಾರೆ, ಅಷ್ಟರಲ್ಲಿ ಔಷಧಕ್ಕೆ ಬಗ್ಗಬಹುದಾಗಿದ್ದ ಗಂಟುಗಳು ಶಸ್ತ್ರಕ್ಕೆ ಮಾತ್ರ ಬಗ್ಗುವ ಸುರಂಗಗಳಾಗಿರುತ್ತವೆ. ಆರು ತಿಂಗಳಲ್ಲಿ ಎರಡು ಅಥವಾ ಹೆಚ್ಚು ಬಾರಿ ಕಂಕುಳು, ತೊಡೆಸಂದಿನಂಥ ಜಾಗಗಳಲ್ಲಿ ಕುರು ಮರಳಿ ಎದ್ದರೆ ಅದನ್ನು ಉಷ್ಣವೆಂದು ತಳ್ಳಿಹಾಕದೆ ಚರ್ಮವೈದ್ಯರಿಗೆ ತೋರಿಸುವುದೂ, ಶಸ್ತ್ರಚಿಕಿತ್ಸೆ ಬೇಕೆಂದು ಹೇಳಿದಾಗ ಒಳಗಿನ ಸ್ಥಿತಿಯನ್ನು ಸ್ಕ್ಯಾನಿಂಗ್‌ನಲ್ಲಿ ನೋಡಲಾಗಿದೆಯೇ ಎಂದು ಕೇಳುವುದೂ ರೋಗಿಯ ಹಕ್ಕು.